ಜುಬ್ಬಾದ ಕಿಸೆಯೊಳಗಿನ ಶೇಂಗಾ ಹೋಳಿಗಿ

ನುಂಗೋದೂ ಒಂದು ಕೆಲಸ ಅಂತ ಇಪ್ಪತ್ತಮೂರು ವರ್ಷ ನನಗ ಗೊತ್ತಿರಲಿಲ್ಲ. ಬಾಯಿಗೆ ಹಾಕಿದ್ದು ಹೊಟ್ಟಿಗೆ ಹೋಗತಿತ್ತು, ನಡುವ ಏನಾಗತೈತಿ ಅಂತ ಕೇಳೋ ಉಸಾಬರಿ ನನಗ್ಯಾಕ? ಒಂದಿನ ಮಧ್ಯಾಹ್ನ ಖಾನಾವಳಿಯೊಳಗ ಜೋಳದ ರೊಟ್ಟಿ ತುತ್ತೊಂದು ಗಂಟಲಕ್ಕ ಬಂದು ನಿಂತುಬಿಡ್ತು. ನೀರು ಕುಡದೆ, ಇಳೀಲಿಲ್ಲ. ಇನ್ನೊಂದು ಗ್ಲಾಸ್ ಕುಡದೆ. ಇಳೀತು ಅನ್ನಿಸ್ತು, ಆದರ ಇಳದ ಮ್ಯಾಲೂ ಅಲ್ಲೇ ಕುಂತಂಗ ಇತ್ತು. ಅವತ್ತಿನಿಂದ ಸುರುವಾತು ನೋಡ್ರಿ ನನ್ನ ಪೀಕಲಾಟ.

ಎಪ್ಪತ್ತರ ದಶಕದ ಮಾತಿದು. ನಮ್ಮೂರು ಸಿರುಗುಪ್ಪ. ಅಲ್ಲಿ ಮನಿಯೊಳಗ ಅವ್ವ ಒಬ್ಬಾಕಿನೇ. ನಾನು ಬಳ್ಳಾರಿಯ ಸತ್ಯನಾರಾಯಣಪೇಟಿಯೊಳಗ ಒಂದು ಖೋಲಿ ಹಿಡದು, ನೀರಾವರಿ ಕಚೇರಿಯೊಳಗ ನಕಾಶಿ ತೆಗೆಯೋ ಕೆಲಸ ಮಾಡತಿದ್ದೆ. ಇಂಜಿನಿಯರ್ ಸಾಹೇಬ್ರು ಪೆನ್ಸಿಲಿನಾಗ ಗೀಚಿದ ಕಾಲುವಿ, ತೂಬುಗಳನ್ನ ನಾನು ಶಾಯಿಯೊಳಗ ತಿದ್ದಬೇಕು. ದಿನಾ ಎಂಟು ತಾಸು ಕಾಲುವಿ ಬರದೂ ಬರದೂ ನನ್ನ ಗಂಟಲನೂ ನನಗ ಒಂದು ಕಾಲುವಿಯಾಗೇ ಕಾಣಾಕ ಹತ್ತಿತು. ಎಲ್ಲಿ ಹೂಳು ತುಂಬೈತಿ, ಎಲ್ಲಿ ತೂಬು ಕಟಗೊಂಡೈತಿ ಅಂತ ರದ್ದಿ ಕಾಗದದ ಮ್ಯಾಲ ಗಂಟಲದ ನಕಾಶಿನೇ ತೆಗದೆ. ಅಳತಿಪಟ್ಟಿ ಹಚ್ಚಿ, ನೀರು ಹರಿಯೋ ಕಡೆ ಬಾಣದ ಗುರುತು ಸೈತ ಹಾಕಿದೆ. ಸಾಹೇಬ್ರು ಒಂದಿನ ಅದನ್ನ ಎತ್ತಿ ನೋಡಿ, "ಏನಪಾ, ಇದು ಯಾವ ಕಾಲುವಿ?" ಅಂತ ಕೇಳಿದ್ರು. "ಇನ್ನೂ ಮಂಜೂರಾಗಿಲ್ರೀ" ಅಂದೆ.

ಮುಂಜಾನೆದ್ದು ಕನ್ನಡಿ ಮುಂದ ನಿಂತು ಒಂದೊಂದೇ ಗುಟುಕು ನೀರು ಕುಡದು, ಗಂಟಲಮಣಿ ಮ್ಯಾಲ ಹೋಗಿ ಕೆಳಗ ಬರತೈತೋ ಇಲ್ಲೋ ಅಂತ ನೋಡತಿದ್ದೆ. ಹತ್ತು ಸಲ ನುಂಗಿದ್ರ ಹನ್ನೊಂದನೇ ಸಲ ಯಾರಿಗಾದ್ರೂ ಬಿಗೀತೈತಿ, ಅದು ಈಗ ಗೊತ್ತೈತಿ. ಆಗ ಅದೇ ನನಗ ದೊಡ್ಡ ಸಾಕ್ಷಿ ಆಗತಿತ್ತು. ಬಸ್ಸಿನಾಗ ಕುಂತ್ರ ಮಂದಿ ಮುಖ ನೋಡತಿರಲಿಲ್ಲ, ಕುತಗಿ ನೋಡತಿದ್ದೆ. ಒಬ್ಬ ಹಿರಿಯ ಮನುಷ್ಯ ಸಿಟ್ಟಿಗೆದ್ದು, "ಏನಲೇ ತಮ್ಮಾ, ಕುತಗಿ ಕೊಯ್ಯಾಂವನಂಗ ನೋಡ್ತೀ?" ಅಂತ ಜಾಗಾನೇ ಬದಲು ಮಾಡಿದ. ಇನ್ನು ಹೊಟ್ಟಿ! ಗಂಟಲದಾಗ ಏನಾರ ಆಗತೈತಿ ಅಂತ ಕಾದು ಕುಂತವಗ ಹೊಟ್ಟಿ ಸುಮ್ಮನಿರತೈತೇನು? ಗುಡುಗುಡು ಅಂತಿತ್ತು, ಉಬ್ಬರಿಸತಿತ್ತು, ಸಾಹೇಬ್ರು ಎದುರಿಗೆ ಮಾತಾಡುವಾಗೇ ನೋಡಿ ದನಿ ತೆಗೀತಿತ್ತು. ವಾರಪತ್ರಿಕೆಯೊಳಗ "ವೈದ್ಯರನ್ನು ಕೇಳಿ" ಅಂತ ಒಂದು ಪುಟ ಬರತಿತ್ತು. ಅದರಾಗಿನ ರೋಗ ಎಲ್ಲಾ ನನಗ ಇದ್ದವು, ಹೆಣ್ಣುಮಕ್ಕಳ ರೋಗಾನೂ ಹಿಡದು.

ನಗಬ್ಯಾಡ್ರಿ. ನನಗ ಹನ್ನೆರಡು ವರ್ಷ ಇದ್ದಾಗ ನಮ್ಮಪ್ಪ ಗಂಟಲದ ಗಡ್ಡಿಯಿಂದನೇ ತೀರಿಹೋದ. ಕಡೀಗೆ ಒಂದು ಚಮಚ ಗಂಜಿ ಸೈತ ಇಳೀತಿರಲಿಲ್ಲ. ಅವ್ವ ಹತ್ತಿ ನೆನಸಿ ತುಟಿಗೆ ನೀರು ಹಚ್ಚತಿದ್ದಳು, ಅಪ್ಪ ಅಕಿ ಮುಖಾನೇ ನೋಡತಿದ್ದ. ಆ ರೋಗದ ಹೆಸರು ಕೂಡ ನಮ್ಮ ಮನಿಯೊಳಗ ಯಾರೂ ಎತ್ತತಿರಲಿಲ್ಲ. ಈಗ ಅದೇ ನನಗ ಬಂದೈತಿ ಅಂತ ನನ್ನ ನಿಕ್ಕಿ ಲೆಕ್ಕಾಚಾರ. ಸಾಯೋದಕ್ಕ ಹೆದರಿಕಿ ಇತ್ತು, ಇಲ್ಲ ಅಂದ್ರ ಸುಳ್ಳಾದೀತು. ಆದರ ಅದಕ್ಕಿಂತ ಹೆಚ್ಚಿನ ಹೆದರಿಕಿ ಅಂದ್ರ ಇದು ಅವ್ವಗ ಗೊತ್ತಾಗೋದು. ಅಕಿ ಇನ್ನೊಂದು ಸಲ ಹತ್ತಿ ನೆನಸಬಾರದು. ಹಂಗಾಗಿ ಡಾಕ್ಟರ ಹತ್ರಾನೂ ಹೋಗಲಿಲ್ಲ. ಹೋದ್ರ ಅಂವ ಹೌದು ಅಂದುಬಿಟ್ರ?

ಆದರ ಮುಚ್ಚಿಡೋದು ನಮ್ಮಂಥ ಮನಿಯೊಳಗ ಸುಲಭ ಅಲ್ಲ. ನಾವು ತಾಟು ತೊಳದು ಕುಡಿಯೋ ಮಂದಿ. ಲಿಂಗಕ್ಕ ತೋರಿಸಿ ಉಂಡದ್ದೆಲ್ಲ ಪ್ರಸಾದ, ಒಂದು ಅಗುಳೂ ಚೆಲ್ಲಂಗಿಲ್ಲ. ಉಂಡ ಮ್ಯಾಲ ತಾಟಿನಾಗ ನೀರು ಹಾಕಿ, ಬಳ್ಳಾಡಿಸಿ, ಆ ನೀರನೂ ಕುಡದು ಏಳಬೇಕು. ನಾನು ಉಣ್ಣೋ ಖಾನಾವಳಿಯ ಅಕ್ಕನೂ ನಮ್ಮ ಪೈಕಿನೇ. ತಾಟಿನಾಗ ಅರ್ಧ ರೊಟ್ಟಿ ಬಿಟ್ರ, "ಯಾಕಪಾ, ನನ್ನ ರೊಟ್ಟಿಗೆ ಮಣ್ಣು ಹತ್ತೈತೇನು?" ಅಂತ ಬೀದಿಗೆಲ್ಲ ಕೇಳಂಗ ಒದರತಿದ್ದಳು. ಅದಕ್ಕ ನಾನು ಒಂದು ಹುನ್ನಾರ ಕಲತೆ. ಮೂರು ತುತ್ತು ಬಾಯಿಗೆ, ಒಂದು ತುತ್ತು ಕಿಸೆಗೆ. ಕೆಮ್ಮಿದಂಗ ಮಾಡಿ ಬಗ್ಗೋದು, ಕೈ ಕೆಳಗ ಇಳಿಸೋದು, ಏಳುವಾಗ ತಾಟು ತೊಳದು ಗಟಗಟ ಕುಡಿಯೋದು. ಹೊರಗ ಬಂದು ಬೀದಿನಾಯಿಗೆ ಹಾಕೋದು. ಎರಡು ತಿಂಗಳಿನಾಗ ಸತ್ಯನಾರಾಯಣಪೇಟಿ ನಾಯಿಗಳು ಮೈ ತುಂಬಿಕೊಂಡವು, ನಾನು ಸೊರಗಿದೆ.

ಸೊರಗಿದ್ದು ಅಕ್ಕನ ಕಣ್ಣಿಗೆ ಬಿತ್ತು. ಗಂಟಲದ ಮಾತು ನಾ ಎತ್ತಲಿಲ್ಲ, ಹೊಟ್ಟಿ ಸರಿ ಇಲ್ಲ ಅಂದೆ. "ಹೊಕ್ಕಳ ಬಟ್ಟಿ ಸರದೈತಿ ನಿನಗ, ಮಲಗು" ಅಂತ ಊಟದ ಪಡಸಾಲಿಯೊಳಗೇ ಅಂಗಾತ ಕೆಡವಿದಳು. ನನ್ನ ಎರಡೂ ಕಿರುಬೆರಳು ಜೋಡಿಸಿ, ಗೆರಿ ಕೂಡಿಲ್ಲ, ಬಟ್ಟಿ ಸರದದ್ದಕ್ಕ ಅದೇ ಗುರುತು ಅಂತ ತೋರಿಸಿದಳು. ಹೊಕ್ಕಳ ಮ್ಯಾಲ ಸಣ್ಣ ದೀಪ ಇಟ್ಟು ಅದರ ಮ್ಯಾಲ ತಾಮ್ರದ ಚೊಂಬು ಡಬ್ಬು ಹಾಕಿದಳು. ದೀಪ ಆರಿತು, ಚೊಂಬು ಹೊಟ್ಟಿಗೆ ಗಬಕ್ಕನ ಕಚ್ಚಿಕೊಂತು. ಸರಿದ ಬಟ್ಟಿ ತನ್ನ ಜಾಗಕ್ಕ ಬರತೈತಿ ಅಂತ ಅಕಿ ನಂಬಿಗಿ. ಬಂತೋ ಬಿಡ್ತೋ, ಚೊಂಬು ಮಾತ್ರ ಬಿಡಲಿಲ್ಲ! ಇಬ್ಬರು ಹಿಡದು ಜಗ್ಗಿದ್ರು. ಊಟಕ್ಕ ಬಂದ ಟಪಾಲಿನವ ನೋಡಿ, "ಯಕ್ಕಾ, ಇವನ್ನ ಹಂಗೇ ಬಾವಿಗೆ ಇಳಿಸಿದ್ರ ನೀರು ಸೇದಬಹುದಲ್ಲ" ಅಂದ. ಹೊಟ್ಟಿ ಮ್ಯಾಲ ವಾರಗಟ್ಟಲೆ ಚಂದ್ರನಂಥ ಗುರುತು ಇತ್ತು. ತುತ್ತು ಮಾತ್ರ ಇನ್ನೂ ಅಲ್ಲೇ ನಿಲ್ಲತಿತ್ತು.

ಇಂಥಾ ಹೊತ್ತಿನಾಗ ನಮ್ಮ ಸೋದರಮಾವ ಕುರುಗೋಡಿನಾಗ ನನಗ ಹೆಣ್ಣು ಗೊತ್ತು ಮಾಡಿದ. ಮಾವ ಅಂದ್ರ ಅವ್ವನ ತಮ್ಮ, ಸಿರುಗುಪ್ಪದಾಗೇ ನಮ್ಮ ಓಣಿಯಾಂವ. ಒಳ್ಳೆ ಮನುಷ್ಯ, ಒಳ್ಳೆ ಊಟಗಾರ. ಬ್ಯಾಡ ಅನ್ನಾಕ ನನ್ನ ಹತ್ರ ಹೇಳೋವಂಥ ಕಾರಣ ಇರಲಿಲ್ಲ. ಸಾಯಾಕ ಹತ್ತೀನಿ ಅಂತ ಹೆಂಗ ಹೇಳೋದು? ಹೋಗಿ ನೋಡಿ ಬರೋಣ, ಹುಡುಗಿ ಮನಸಿಗೆ ಬರಲಿಲ್ಲ ಅಂತ ಅಂದುಬಿಡೋಣ, ಅಲ್ಲಿಗೆ ತೀರಿತು ಅಂತ ಒಳಗೊಳಗೇ ಗೊತ್ತು ಮಾಡಿಕೊಂಡೆ.

ಅವ್ವ ನಮ್ಮ ಕೂಡ ಬರಲಿಲ್ಲ. ಗಂಡ ಸತ್ತಾಕಿ ಹೆಣ್ಣು ನೋಡೋ ಶಾಸ್ತ್ರಕ್ಕ ಬರಬಾರದಂತ, ಓಣಿ ಹಿರ್ಯಾರ ಮಾತು. ಹೆತ್ತು, ಹೊತ್ತು, ಗಂಡನ್ನ ಕಳಕೊಂಡು ಒಬ್ಬಾಕಿನೇ ಸಾಕಿದಾಕಿ ಬಾಗಲದಾಗ ನಿಲ್ಲಬೇಕು, ಶೇಂಗಾ ಹೋಳಿಗಿ ಅಂದ್ರ ಬಾಯಿ ಬಿಡೋ ಮಾವ ಮುಂದ ಹೋಗಬೇಕು! ನನಗ ಉರದುಹೋತು. ಆದರ ಅವ್ವನೇ, "ಹೋಗ್ಬಾ, ಚಂದಂಗ ನೋಡ್ಕೊಂಡು ಬಾ, ಬಂದು ಎಲ್ಲಾ ಹೇಳು" ಅಂದಳು. ನನಗ ಹೊಸಾ ಟೆರಿಲಿನ್ ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಳು. ಅದಕ್ಕ ಎದಿ ಮ್ಯಾಲ ಒಂದೇ ಕಿಸೆ, ಅದೂ ಒಳಗಿಂದು ಹೊರಗ ಕಾಣೋವಂಥಾದ್ದು. ನನ್ನ ಕೆಲಸಕ್ಕ ಅದು ಬರಂಗಿಲ್ಲ. ಮಾವನ ಬಿಳೇ ಜುಬ್ಬಾ ಬೇಡಿ ತೊಟ್ಟುಕೊಂಡೆ. ಎರಡೂ ಬಗಲಿಗೆ ಚೀಲದಂಥ ಕಿಸೆ ಇದ್ದವು.

ಕುರುಗೋಡಿನ ಮನಿ ಬಂಡೆಗುಡ್ಡದ ಬುಡಕ್ಕ ಇತ್ತು. ಹುಡುಗಿಯ ಅಜ್ಜ ಹಣಿ ತುಂಬ ವಿಭೂತಿ ಹಚ್ಚಿಕೊಂಡು ಕಂಬಕ್ಕ ಆನಿಸಿ ಕುಂತಿದ್ದ. ಕಣ್ಣು ನನ್ನ ಮುಖದ ಮ್ಯಾಲ ಇರಲಿಲ್ಲ, ನನ್ನ ತಾಟಿನ ಮ್ಯಾಲ ಇದ್ದವು. ಮಾವ ಕಿವಿಯಾಗ, "ತಾಟು ಹೆಂಗ ಬಿಡ್ತಾರ ಅಂತ ನೋಡೇ ಮುದುಕ ಹೂಂ ಅನ್ನೋದು, ಹುಷಾರು" ಅಂದ. ಮೊದಲ ಒಗ್ಗರಣಿ ಮಂಡಕ್ಕಿ, ಮಿರ್ಚಿ ಬಂದವು. ಮಂಡಕ್ಕಿ ಹೆಂಗೋ ಇಳದವು. ಆಮ್ಯಾಲ ಹುಡುಗಿ ಬಂದು ಎರಡು ಶೇಂಗಾ ಹೋಳಿಗಿ ಹಾಕಿ, ಮ್ಯಾಲ ತುಪ್ಪ ಬಿಟ್ಟಳು. ಶೇಂಗಾ ಹೋಳಿಗಿ! ಗಂಟಲ ಗಟ್ಟಿ ಇದ್ದವರಿಗೇ ನೀರು ಬೇಡೋ ಪದಾರ್ಥ ಅದು.

ತಲಿ ಎತ್ತಿ ಅಕಿ ಮುಖ ನೋಡಿದೆ. ನೋಡಬಾರದಿತ್ತು. ಏನು ಹೇಳಲಿ, ಅಷ್ಟು ಚಂದ ಇದ್ದಳು. ಚಂದ ಅಂದ್ರ ಬರೇ ಮೂಗು, ಕಣ್ಣು ಅಲ್ಲ. ಮಾವ ಮಿರ್ಚಿ ಕಡದು ಸೊರ್ರ್ ಅಂತ ಕಣ್ಣೀರು ಹಾಕಿದಾಗ ತುಟಿ ಕಚ್ಚಿ ನಗು ತಡಕೊಂಡಳು ನೋಡ್ರಿ, ಅಲ್ಲಿಗೆ ನಾ ಮುಗದೆ. ಸಾಯೋ ಮನುಷ್ಯಾಗ ಇಂಥಾ ಹುಡುಗಿನ್ನ ಯಾಕ ತೋರಸ್ತೀಯೋ ಶಿವನೇ ಅಂತ ದೇವರಿಗೇ ಬೈದೆ.

ಒಂದು ಹೋಳಿಗಿ ಅರ್ಧ ತಾಸು ಅಗದು ಅಗದು ತುಪ್ಪದ ಕೂಡ ಇಳಿಸಿದೆ. ಇನ್ನೊಂದನ್ನ, ಅಜ್ಜ ಮಾವನ ಕಡೆ ತಿರುಗಿದ ಹೊತ್ತು ನೋಡಿ, ಕೆಮ್ಮಿ, ಬಗ್ಗಿ, ಜುಬ್ಬಾದ ಕಿಸೆಗೆ ಇಳಿಸಿದೆ. ತಲಿ ಎತ್ತಿದ್ರ ಹುಡುಗಿ ಒಳಬಾಗಲದಾಗ ನಿಂತು ನನ್ನ ಕೈನೇ ನೋಡತಿದ್ದಳು. ಒದರತಾಳ, ಮಾನ ಹೋತು ಅನಕೊಂಡೆ. ಆದರ ಅಕಿ ಬಂದು ತಾಟಿಗೆ ಇನ್ನೊಂದು ಹೋಳಿಗಿ ಹಾಕಿ ಹೋದಳು. ತಿನ್ನಲಾರದೆ ಮುಚ್ಚಿಟ್ಟವಗ ಮತ್ತೊಂದು! ಏನು ಸೇಡಪಾ ಇಕಿದು ಅಂತ ಅದನ್ನೂ ಕಿಸೆಗೆ ತುಂಬಿದೆ. ತಾಟು ತೊಳದು ಕುಡದೆ. ಅಜ್ಜ ತಾಟು ಎತ್ತಿ ಬೆಳಕಿಗೆ ಹಿಡದು, "ನೋಡ್ರೀ, ಹುಡುಗ ಅಂದ್ರ ಹಿಂಗಿರಬೇಕು" ಅಂತ ಮನಿ ಮಂದಿಗೆಲ್ಲ ತೋರಿಸಿದ. ನಮ್ಮ ಕಡೆಯಿಂದ ಒಪ್ಪಿಗಿ ಅಂತ ಅಲ್ಲೇ ಹೇಳಿಬಿಟ್ಟ. ನಾನು ಒಂದು ವಾರ ವ್ಯಾಳ್ಯಾ ಕೊಡ್ರಿ ಅಂದೆ. ಮಾವ ದಾರಿ ತುಂಬ ಬೈಕೊಂತ ಬಂದ.

ಆ ಗಡಿಬಿಡಿಯೊಳಗ ಕಿಸೆ ಖಾಲಿ ಮಾಡೋದು ಮರತೆ. ಜುಬ್ಬಾ ಬಿಚ್ಚಿ ಸಿರುಗುಪ್ಪದ ಮನಿ ಗೂಟಕ್ಕ ಹಾಕಿ, ಸೋಮವಾರ ಬೆಳಿಗ್ಗೆ ಬಸ್ ಹತ್ತಿ ಬಳ್ಳಾರಿಗೆ ಬಂದುಬಿಟ್ಟೆ.

ಬುಧವಾರ ಕಚೇರಿಯೊಳಗ ಕಾಲುವಿ ತಿದ್ದಿಕೊಂಡು ಕುಂತಿದ್ದೆ. ಎದುರಿಗೆ ಯಾರೋ ನಿಂತಂಗಾತು. ನೋಡಿದ್ರ ಅವ್ವ. ಮೊದಲ ಬಸ್ಸಿಗೆ ಬಂದಾಳ, ತಲಿ ಮ್ಯಾಲ ದಾರಿ ಧೂಳ ಹಂಗೇ ಐತಿ. ಸೆರಗಿನ ಗಂಟು ಬಿಚ್ಚಿ ಎರಡು ಹೋಳಿಗಿ ತೆಗದು ನನ್ನ ನಕಾಶಿ ಮ್ಯಾಲ ಇಟ್ಟಳು. ತುಪ್ಪದ ಜಿಡ್ಡು ಕಾಲುವಿ ತುಂಬ ಹರೀತು.

"ಏನಿದು?"

"ಮಾವ ಇಟಗೊಂಡಿರಬೇಕು" ಅಂದೆ.

"ನಿಮ್ಮ ಮಾವನ ಕಿಸೆಯೊಳಗ ಹೋಳಿಗಿ ನಾಕು ದಿನ ಉಳೀತೈತಾ? ಯಾರಿಗೆ ಹೇಳ್ತೀ?"

ಅವ್ವ ದನಿ ಸಣ್ಣದು ಮಾಡಿ ಹೇಳಿದಳು: "ನಿಮ್ಮಪ್ಪನ ಅಂಗಿ ಒಗಿಯುವಾಗ ಕಿಸೆದಾಗ ರೊಟ್ಟಿ ಚೂರು ಸಿಗತಿದ್ದವು. ಕಾಗಿಗೆ ಹಾಕಾಕ ಒಯ್ತಾನ, ಪುಣ್ಯಾತ್ಮ ಅನಕೊಂಡೆ. ದಿನಾ ಕಿಸೆ ಜಾಡಿಸಿ ನಾನೇ ಕಾಗಿಗೆ ಹಾಕಿದೆ. ಎಂಟು ತಿಂಗಳು ಹಾಕಿದೆ. ಏಳು. ಆಸ್ಪತ್ರಿಗೆ ನಡಿ."

ಅಪ್ಪನೂ ಕಿಸೆಗೆ ಹಾಕತಿದ್ದ ಅನ್ನೋದು ನನಗ ಗೊತ್ತೇ ಇರಲಿಲ್ಲ. ಯಾರೂ ಕಲಿಸದ ಬುದ್ಧಿ ಅಪ್ಪನಿಂದ ನನಗ ಬಂದಿತ್ತು. ಅವ್ವ ಹೋಳಿಗಿ ಮತ್ತ ಸೆರಗಿಗೆ ಕಟ್ಟಿಕೊಂಡು, ರಟ್ಟಿ ಹಿಡದು ನನ್ನ ಎಬ್ಬಿಸಿದಳು. ಸಾಹೇಬ್ರು ಬಂದು ನಕಾಶಿಯ ಗತಿ ನೋಡಿ ಬಾಯಿ ತೆಗದ್ರು, ಅವ್ವನ ಮುಖ ನೋಡಿ ಮುಚ್ಚಿದ್ರು.

ದೊಡ್ಡಾಸ್ಪತ್ರಿ ಡಾಕ್ಟರು ಆಂಧ್ರದ ಕಡೆಯಾಂವ, ಅರ್ಧ ತೆಲುಗು ಅರ್ಧ ಕನ್ನಡ. "ಮುಂಜಾನಿ ಏನು ತಿಂದೀ?" ಅಂದ. "ಸರಿಯಾಗಿ ತಿಂದು ಎರಡು ತಿಂಗಳಾತ್ರೀ" ಅಂದೆ, ಕನ್ನಡಿ ಮುಂದ ನಿಂತು ನುಂಗೋದನ್ನೂ ಹೇಳಿದೆ. ಅವ್ವ ನನ್ನ ಕಡೆ ನೋಡಿದಳು, ಆ ನೋಟಕ್ಕಿಂತ ಕಪಾಳಕ್ಕ ಹೊಡದಿದ್ರ ಪಾಡಿತ್ತು. ಒಂದು ಕತ್ತಲ ಖೋಲಿಯೊಳಗ ನಿಲ್ಲಿಸಿ, ಸುಣ್ಣದ ನೀರಿನಂಥಾದ್ದನ್ನ ಲೋಟ ತುಂಬ ಕೊಟ್ಟು, "ನಾನು ಹೇಳಿದಾಗ ನುಂಗು" ಅಂದ್ರು. ಗ್ವಾಡಿಗೆ ಬಳಿಯೋದನ್ನ ಗಂಟಲಕ್ಕ ಬಳೀತಾರೇನು ಅನ್ನಿಸ್ತು. ಎಲ್ಲಾ ಬಿಟ್ಟು ಆಗ ನನಗ ಕುರುಗೋಡಿನ ಹುಡುಗಿ ನೆನಪಾದಳು. ಕಣ್ಣು ಮುಚ್ಚಿ ನುಂಗಿದೆ.

ಎಕ್ಸ್‌ರೇ ಚಿತ್ರ ತಯಾರಾಗೋತನಕ ಬೇವಿನ ಗಿಡದ ಕೆಳಗ ಕುಂತ್ವಿ. ಮಧ್ಯಾಹ್ನ ಮೂರಕ್ಕ ಡಾಕ್ಟರು ಕರದು, ಕರೇ ಹಾಳಿಯನ್ನ ಕಿಟಕಿ ಬೆಳಕಿಗೆ ಹಿಡದ. ನಡುವ ಬೆಳ್ಳಗ ಒಂದು ಗೆರಿ. ಮೊದಲ ನೋಡಿದ್ದು ನನ್ನ ಕೆಲಸದ ಕಣ್ಣು: ಎಲ್ಲೂ ಹೂಳಿಲ್ಲ, ಎಲ್ಲೂ ತೂಬು ಕಟಗೊಂಡಿಲ್ಲ, ಸರಾಗ ಹರದ ಕಾಲುವಿ. ನಾನು ತೆಗದ ನಕಾಶಿ ಪೂರಾ ತಪ್ಪು! "ಏಮೀ ಲೇದಮ್ಮಾ, ಏನೂ ಇಲ್ಲ" ಅಂದ ಡಾಕ್ಟರು. "ಅಂಜಿದ್ರ ಗಂಟಲ ಬಿಗೀತೈತಿ, ಬಿಗೀತಂತ ಮತ್ತ ಅಂಜ್ತಾನ. ಹೊಟ್ಟಿಯೊಳಗ ಆಮ್ಲ ಐತಿ, ಗುಳಗಿ ಕೊಡ್ತೀನಿ. ಮಿರ್ಚಿ ಕಡಿಮಿ ಮಾಡು. ಕನ್ನಡಿ ಮುಂದ ನಿಂತು ನುಂಗೋದು ಬಿಡು."

ಅವ್ವ, "ಇನ್ನೊಮ್ಮೆ ಹೇಳ್ರಿ" ಅಂದಳು. ಅಂವ ಇನ್ನೊಮ್ಮೆ ಹೇಳಿದ. "ಬರೇ ಕನ್ನಡದಾಗ ಹೇಳ್ರಿ" ಅಂದಳು. ಪಾಪ, ಅದನೂ ಹೇಳಿದ.

ಹೊರಗ ಬಂದು ಅದೇ ಬೇವಿನ ಗಿಡದ ಕೆಳಗ ಅವ್ವ ಧಪ್ಪಂತ ಕುಂತಳು. ಸೆರಗಿನ ಗಂಟಿನಿಂದ ಆ ಎರಡು ಹೋಳಿಗಿ ತೆಗದು ಇರವಿ ಊದಿದಳು. "ಪ್ರಸಾದ ಚೆಲ್ಲಬಾರದು" ಅಂತ ಒಂದನ್ನ ನನ್ನ ಕೈಗೆ ಕೊಟ್ಟಳು. ತುಪ್ಪಿಲ್ಲ, ಹಾಲಿಲ್ಲ, ನಾಕು ದಿನದ್ದು. ಕಡದು, ಅಗದು, ನುಂಗಿದೆ. ಅವ್ವ ನನ್ನ ಮುಖ ನೋಡತಿರಲಿಲ್ಲ, ಗಂಟಲ ನೋಡತಿದ್ದಳು. ಪೂರಾ ತಿನ್ನೋತನಕ ನೋಡಿದಳು. ಆಮ್ಯಾಲ ಇನ್ನೊಂದನ್ನ ತಾನು ಕಡದಳು, ಕಡಕೊಂತನೇ ಅಳಾಕ ಹತ್ತಿದಳು, ಅಳಕೊಂತನೇ ಬೈದಳು. "ಮಂಗ್ಯಾ! ಹೇಳಾಕ ಏನಾಗಿತ್ತು ನಿನಗ? ನಿಮ್ಮಪ್ಪನೂ ಹೇಳಲಿಲ್ಲ, ನೀನೂ ಹೇಳಲಿಲ್ಲ. ನನ್ನನ್ನ ಕಲ್ಲಂತ ತಿಳಿದೀರೇನು?" ನಾನೂ ಅತ್ತೆ. ಆಸ್ಪತ್ರಿಗೆ ಬಂದ ಮಂದಿ ನಮ್ಮ ಮನಿಯೊಳಗ ಯಾರೋ ಸತ್ತಾರ ಅನಕೊಂಡು ಸಮಾಧಾನ ಮಾಡಾಕ ಬಂದ್ರು. ಯಾರೂ ಸತ್ತಿಲ್ಲ ಅಂತ ತಿಳಿಸಿ ಹೇಳೋದರಾಗ ಸಾಕುಬೇಕಾತು.

ವಾರ ತುಂಬೋದರೊಳಗ ಕುರುಗೋಡಿಗೆ ಹೂಂ ಅಂತ ಹೇಳಿಕಳಿಸಿದೆ. ಗಂಟಲ ಒಮ್ಮೆಗೇ ನೆಟ್ಟಗಾಗಲಿಲ್ಲ. ಗುಳಗಿ ತಗೊಂಡೆ, ಕನ್ನಡಿ ಗ್ವಾಡಿಗೆ ಮುಖ ಮಾಡಿ ಇಟ್ಟೆ, ಮಿರ್ಚಿ ಎರಡು ವಾರ ಬಿಟ್ಟೆ. ಅದಕ್ಕಿಂತ ಹೆಚ್ಚು ಬಿಡಾಕ ಬಳ್ಳಾರಿಯಾಂವನ ಕೈಲಿ ಸಾಧ್ಯನೂ ಇಲ್ಲ. ಲಗ್ನದ ಹೊತ್ತಿಗೆ ನಾ ಉಣ್ಣೋದು ನೋಡಿ ಮಾವನಿಗೇ ಹೊಟ್ಟಿಕಿಚ್ಚು ಬಂತು.

ಲಗ್ನ ಆಗಿ ಹದಿನೈದು ದಿನ ಆಗಿರಬೇಕು. ಸಿರುಗುಪ್ಪದ ಮನಿಯೊಳಗ ಮೂವರೂ ಉಣ್ಣಾಕ ಕುಂತಿದ್ವಿ. ನನ್ನ ಹೆಂಡತಿ ತಲಿ ಬಗ್ಗಿಸಿ, "ಅತ್ತೀ, ಒಂದು ಕೇಳತೀನಿ, ಬೈಬಾರದು" ಅಂದಳು. "ಅವತ್ತು ಇವರು ನಮ್ಮ ಮನಿಯಿಂದ ನಿಮಗಂತ ಮುಚ್ಚಿಕೊಂಡು ಹೋಳಿಗಿ ತಂದಿದ್ರಲ್ಲ, ಮುರೀದಂಗ ನಿಮಗ ಮುಟ್ಟಿದ್ವಾ? ನಿಮ್ಮನ್ನ ಬರಗೊಡಲಿಲ್ಲ ಅಂತ ಇವರ ಸೋದರಮಾವ ಅವತ್ತು ಬಂದಕೂಡ್ಲೇ ಹೇಳಿದ್ರು. ಇವರು ತಮ್ಮ ತಾಟಿನಾಗಿಂದು ಕಿಸೆಗೆ ಹಾಕೋದು ನೋಡಿ ನನಗ ಅಳು ಬಂತು. ಅದಕ್ಕ ಇನ್ನೊಂದು ಹಾಕಿದೆ. ಅಜ್ಜ ಹೂಂ ಅಂದದ್ದು ತಾಟು ನೋಡಿ. ನಾ ಹೂಂ ಅಂದದ್ದು ಅದಕ್ಕ."

ಬಾಯಾಗಿನ ತುತ್ತು ಅಲ್ಲೇ ನಿಂತುಬಿಡ್ತು, ಅದೇ ಹಳೇ ಜಾಗದಾಗ. ಅವ್ವ ನನ್ನ ಮುಖ ನೋಡಿದಳು, ಸೊಸಿ ಮುಖ ನೋಡಿದಳು.

"ಮುಟ್ಟಿತು ಬೇ" ಅಂದಳು. "ನನ್ನ ಪಾಲಿಂದು ನಾ ತಿಂದೆ. ನಿಮ್ಮ ಮನಿ ಹೋಳಿಗಿ ಬಾಳ ಚಲೋ ಇತ್ತು." ಆಮ್ಯಾಲ ನನ್ನ ಕಡೆ ತಿರುಗಿ, "ನೀ ಯಾಕ ತುತ್ತು ಹಿಡಕೊಂಡು ಕುಂತೀ? ನುಂಗು" ಅಂದಳು.

ನುಂಗಿದೆ.